ಗ್ರಾಫ್‌ನಲ್ಲಿ ನಮ್ಮೂರೇ ಇಲ್ಲ!

‘ಎಷ್ಟು ಜನ ನೋಡಿದ್ರು?’ ಪ್ರಚಾರದ ಕೆಲಸಕ್ಕೆ ಕೈಹಾಕಿದವರಿಗೆಲ್ಲ ಎದುರಾಗುವ ಮೊದಲ ಪ್ರಶ್ನೆ ಇದು. ಹಿಂದೆ ಪಿಆರ್‌ನವರು ಪೇಪರ್ ಕಟಿಂಗ್‌ಗಳನ್ನು ಸ್ಕೇಲ್ ಹಿಡಿದು ಅಳೆದು, ಅಷ್ಟೇ ಜಾಗದ ಜಾಹೀರಾತಿಗೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಕೊಡುತ್ತಿದ್ದರಂತೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕ್ಷೇತ್ರದ ತಜ್ಞರು, ಆ ಲೆಕ್ಕ ಸಾರ್ವಜನಿಕ ಸಂಪರ್ಕದ ಬೆಲೆಯಲ್ಲ ಎಂದು ಸಾರಿದರು. ಈಗ ಸ್ಕೇಲಿನ ಜಾಗಕ್ಕೆ ಗೂಗಲ್ ಅನಲಿಟಿಕ್ಸ್ ಬಂದಿದೆ.

ಈ ಬೇಸಿಗೆಯಲ್ಲಿ ಅದು ನನ್ನ ಕೈಗೂ ಬಂತು. ಗುಬ್ಬಿ ತಾಲ್ಲೂಕಿನ ನಿಟ್ಟೂರು ನನ್ನೂರು. ನಾವು ಓದಿದ ಸರ್ಕಾರಿ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ದಾಖಲಾತಿ ಪ್ರಚಾರಕ್ಕೊಂದು ವೆಬ್‌ಪುಟ ಮಾಡಿದೆವು. ಬಿಇ ಓದುವವಳು ಎಂದು ಲೆಕ್ಕ ನೋಡುವ ಕೆಲಸ ನನಗೆ ಬಿತ್ತು.

ಮೊದಲ ವಾರದ ಗ್ರಾಫ್ ನೋಡಿದರೆ ಬಂದವರೆಲ್ಲ ಬೆಂಗಳೂರಿನವರು! ನಿಟ್ಟೂರಿನ ಹೆಸರೇ ಇಲ್ಲ. ಲಿಂಕ್ ಹಂಚಿದ್ದು ವಾಟ್ಸ್‌ಆ್ಯಪ್‌ನಲ್ಲಿ, ಅದರ ಹೆಸರೂ ಇಲ್ಲ; ಹೆಚ್ಚಿನವರು ‘ಡೈರೆಕ್ಟ್’. ‘ಹಾಗಾದ್ರೆ ಬೆಂಗಳೂರಲ್ಲೇ ಪ್ರಚಾರ ಮಾಡೋಣ’ ಎಂದು ಸೀನಿಯರ್ ಅಣ್ಣ ಒಬ್ಬರು ಹೊರಟೇಬಿಟ್ಟಿದ್ದರು. ಅಲ್ಲಿನ ಮಕ್ಕಳು ಇಲ್ಲಿಗೆ ಬಂದು ಸೇರುತ್ತಾರೆಯೇ? ಅನಲಿಟಿಕ್ಸ್ ಊರನ್ನು ಅಂದಾಜು ಮಾಡುವುದು ಐಪಿ ವಿಳಾಸದಿಂದ. ಮೊಬೈಲ್ ಡೇಟಾ ಕಂಪನಿಯ ದೊಡ್ಡ ಕೇಂದ್ರದ ಮೂಲಕ ಹಾದುಹೋದರೆ, ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದವರೂ ಬೆಂಗಳೂರಿನವರಾಗಿಬಿಡುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಒತ್ತಿದ ಲಿಂಕಿಗೆ ಎಲ್ಲಿಂದ ಬಂತೆಂಬ ಗುರುತು ಸಾಮಾನ್ಯವಾಗಿ ಉಳಿಯುವುದಿಲ್ಲ.

ಅದಕ್ಕೇ ಲಿಂಕಿನ ಬಾಲಕ್ಕೆ ಯುಟಿಎಂ ಗುರುತು ಅಂಟಿಸಿದೆ. (ಅದರ ‘ಯು’ ಎಂದರೆ ಅರ್ಚಿನ್, 2005ರಲ್ಲಿ ಗೂಗಲ್ ಕೊಂಡುಕೊಂಡ ಕಂಪನಿ.) ವಾಟ್ಸ್‌ಆ್ಯಪ್ ಗ್ರೂಪಿಗೊಂದು ಲಿಂಕ್, ಹಾಲಿನ ಡೇರಿ ಗೋಡೆಯ ಕ್ಯುಆರ್ ಕೋಡಿಗೆ ಇನ್ನೊಂದು, ರೈಲ್ವೆ ಸ್ಟೇಷನ್ ಬಳಿಯ ಅಂಗಡಿಗೆ ಮತ್ತೊಂದು. ಗ್ರೂಪಿನಿಂದ ಬಂದವರೇ ಹೆಚ್ಚು, ಆದರೆ ಬಂದ ಹಾಗೇ ಹೋದರು. ಪುಟದಲ್ಲಿ 10 ಸೆಕೆಂಡ್ ದಾಟಿದರೆ ಸಾಕು, ಅನಲಿಟಿಕ್ಸ್ ಅದನ್ನು ‘ಎಂಗೇಜ್ಡ್’ ಎನ್ನುತ್ತದೆ. ಅಷ್ಟರಲ್ಲಿ ನಮ್ಮಜ್ಜಿಗೆ ಕನ್ನಡಕವೂ ಸಿಕ್ಕಿರುವುದಿಲ್ಲ! ಡೇರಿಯಿಂದ ಬಂದವರು ಕಡಿಮೆ. ಆದರೆ ಬಿಸಿಯೂಟ, ಸಮವಸ್ತ್ರದ ವಿವರವನ್ನೆಲ್ಲ ಕೊನೆವರೆಗೂ ಓದಿ, ಮುಖ್ಯ ಶಿಕ್ಷಕರ ಫೋನ್ ನಂಬರ್ ಒತ್ತಿದವರು ಹೆಚ್ಚಾಗಿ ಅವರೇ. ಮರುದಿನವೇ ಉಳಿದ ಪಾಂಪ್ಲೆಟ್‌ಗಳೆಲ್ಲ ಅಕ್ಕಪಕ್ಕದ ಹಳ್ಳಿಗಳ ಡೇರಿಗಳಿಗೆ ಹೋದವು.

ಲಿಂಕ್ ಒತ್ತದೆ ಸೀದಾ ಶಾಲೆಗೇ ಬರುವ ಅಮ್ಮಂದಿರ ಲೆಕ್ಕ ಮಾತ್ರ ಯಾವ ಡ್ಯಾಶ್‌ಬೋರ್ಡಿಗೂ ಸಿಗದು. ಅದಕ್ಕೆಂದು ದಾಖಲಾತಿ ಮೇಜಿನ ಮೇಲೊಂದು ನೋಟ್‌ಬುಕ್ ಇಟ್ಟೆವು: ‘ನಿಮಗೆ ಯಾರು ಹೇಳಿದರು?’ ಮೊದಲ ಪುಟದಲ್ಲಿ ಸಾಲುಸಾಲಾಗಿ ಇರುವುದು ಒಂದೇ ಉತ್ತರ– ‘ಅಂಗನವಾಡಿ ಟೀಚರ್’. ಮುಂದಿನ ವರ್ಷದ ಪ್ರಚಾರದ ಮೊದಲ ಮೀಟಿಂಗ್ ಅಂಗನವಾಡಿಯಲ್ಲೇ.