ಹೊಗೆಯೂ ಪರವಾನಗಿಯೂ

ಹೊಗೆಗೆ ಊರಿನ ಎಲ್ಲೆ ತಿಳಿಯದು. ಊರಿನ ಕಾನೂನಿಗೋ ಎಲ್ಲೆಯುಂಟು. ಈ ತೊಡಕನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಅಮೆರಿಕದ ಲಾಸ್ ಏಂಜಲೀಸಿನತ್ತ ಹರಿಯುತ್ತದೆ. 1943ರ ಬೇಸಗೆಯಲ್ಲಿ ಅಲ್ಲಿ ಮಬ್ಬು ಕವಿದು ಕಣ್ಣುರಿದಾಗ, ಶತ್ರುಗಳು ವಿಷಾನಿಲ ಬಿಟ್ಟರೆಂದೇ ಕೆಲವರು ಶಂಕಿಸಿದರಂತೆ. ಶತ್ರು ಊರೊಳಗೇ ಇದ್ದ.

ಒಂದು ನಗರದ ನಿಯಮ ನೆರೆಯೂರಿನ ಚಿಮಣಿಯನ್ನು ಮುಟ್ಟಲಾರದು. ಆದಕಾರಣ 1947ರಲ್ಲಿ ಇಡೀ ಜಿಲ್ಲೆಗೆ ಒಂದೇ ವಾಯುನಿಯಂತ್ರಣ ಸಂಸ್ಥೆ ಏರ್ಪಟ್ಟಿತು. ಹೊಗೆಯುಗುಳುವ ಯಂತ್ರವನ್ನು ಹೂಡಲು ಒಂದು ಪರವಾನಗಿ, ನಡೆಸಲು ಇನ್ನೊಂದು. ಇದರಿಂದ ನ್ಯಾಯದ ಹೊರೆ ಹೆಗಲು ಬದಲಿಸಿತು. ಹಿಂದೆ ಕೆಮ್ಮುವವನು ನ್ಯಾಯಾಲಯದ ಮೆಟ್ಟಿಲೇರಿ ತನ್ನ ಹಾನಿಯನ್ನು ರುಜುವಾತುಪಡಿಸಬೇಕಿತ್ತು. ಈಗ ಕಾರ್ಖಾನೆಯ ಒಡೆಯನೇ ಮುಂಚಿತವಾಗಿ ಲೆಕ್ಕ ಒಪ್ಪಿಸಬೇಕಾಯಿತು.

ಆದರೂ ಮಬ್ಬು ಕರಗಲಿಲ್ಲ. 1950ರ ದಶಕದ ಆರಂಭದಲ್ಲಿ ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್ ಅದರ ಗುಟ್ಟನ್ನು ಬಯಲಿಗೆಳೆದರು: ತೈಲಶುದ್ಧಿ ಕಾರ್ಖಾನೆಗಳ ಆವಿಯೂ ಮೋಟಾರುಗಾಡಿಗಳ ಹೊಗೆಯೂ ಬಿಸಿಲಿನಲ್ಲಿ ಕೂಡಿ ಓಜೋನನ್ನು ಹುಟ್ಟಿಸುತ್ತಿದ್ದವು. 1957ರಲ್ಲಿ ಹಿತ್ತಿಲಲ್ಲಿ ಕಸ ಸುಡುವ ಒಲೆಗಳೂ ನಿಷಿದ್ಧವಾದವು.

ನನಗೆ ತೋರುವುದಿಷ್ಟು: ನಿಯಮವು ನೆರೆಯವನ ಚಿಮಣಿಯಿಂದ ಆರಂಭವಾಗಬಹುದು, ನಮ್ಮ ಹಿತ್ತಿಲನ್ನು ಮುಟ್ಟುವವರೆಗೆ ಅದು ಪೂರ್ಣವಾಗದು.