ಶತ್ರುವನ್ನು ಮಾತಿನಿಂದ ಗೆಲ್ಲಬಹುದೇ?

ಪ್ರಶ್ನೆ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂಥ, ಆಟಗಾರರು ಪಾತ್ರ ವಹಿಸುವ ಆಟಗಳಲ್ಲಿ ಎದುರಾದ ಶತ್ರುವಿನ ಜೊತೆ ಕಾದಾಡಲೇಬೇಕೇ? ಮಾತಿನಲ್ಲೇ ಒಲಿಸಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ ಒಲಿಸಿಕೊಳ್ಳಬಹುದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, 1974ರಲ್ಲಿ ಪ್ರಕಟವಾದ ಈ ಆಟದಲ್ಲಿ ಮಾತಿಗೆ ಮೊದಲಿನಿಂದಲೂ ಜಾಗವಿದೆ. 1981ರ ಬೇಸಿಕ್ ಆವೃತ್ತಿಯಲ್ಲಿ ರಾಕ್ಷಸರು ಎದುರಾದಾಗ ಆಟ ನಡೆಸುವವರು ಎರಡು ದಾಳ ಉರುಳಿಸುತ್ತಾರೆ: 2 ಬಿದ್ದರೆ ತಕ್ಷಣ ದಾಳಿ, 12 ಬಿದ್ದರೆ ಉತ್ಸಾಹದ ಸ್ನೇಹ, ನಟ್ಟನಡುವೆ ಬಿದ್ದರೆ ಅನುಮಾನ. ಆ ಅನುಮಾನದಲ್ಲೂ ಚೌಕಾಸಿಗೆ ಅವಕಾಶವಿದೆ.

2014ರ ಐದನೇ ಆವೃತ್ತಿಯಲ್ಲಿ ಮನವೊಲಿಕೆ, ಬೆದರಿಕೆ, ವಂಚನೆ ಬೇರೆ ಬೇರೆ ಕೌಶಲಗಳು. ಆಟಗಾರರು 20 ಮುಖದ ದಾಳ ಎಸೆದು, ತಮ್ಮ ಪಾತ್ರದ ಕೌಶಲದ ಅಂಕ ಕೂಡಿಸುತ್ತಾರೆ. ಎದುರಾಳಿ ಹಗೆಯವನಾದರೆ, ಮೊತ್ತ 10 ಮುಟ್ಟಿದಾಗ ನೆರವಾಗುವುದಿಲ್ಲ, ಕೇಡನ್ನೂ ಮಾಡುವುದಿಲ್ಲ. 20 ಮುಟ್ಟಿದರೆ, ತನಗೆ ಅಪಾಯವಾಗದಷ್ಟು ಮಟ್ಟಿಗೆ ಕೇಳಿದ್ದನ್ನು ಮಾಡುತ್ತಾನೆ. ಹಾಗೆಂದು ದಾಳ ಚೆನ್ನಾಗಿ ಬಿದ್ದ ಮಾತ್ರಕ್ಕೆ ರಾಜ ಸಿಂಹಾಸನ ಬಿಟ್ಟುಕೊಡುವುದಿಲ್ಲ.

ಎದುರಾಳಿಗೆ ಏನು ಬೇಕೆಂದು ಮೊದಲು ಅರಿಯಿರಿ. ನಾಯಕ ಸತ್ತು ಕಂಗಾಲಾದ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರ ಗುಂಪಿಗೆ ‘ಶರಣಾಗಿ’ ಎಂದು ಗದರುವ ಬದಲು ‘ಲೂಟಿ ಇಲ್ಲಿಟ್ಟು ಹೋಗಿ, ಬೆನ್ನಟ್ಟುವುದಿಲ್ಲ’ ಎನ್ನಿ. ಪ್ರಾಣ ಉಳಿಯುವ ದಾರಿ ಕಂಡರೆ ಕತ್ತಿ ಕೆಳಗಿಳಿಯುವ ಸಂಭವ ಹೆಚ್ಚು. ಹಸಿದ ತೋಳದ ಮುಂದೆ ಮಾತ್ರ ಮಾತಿಗಿಂತ ಮಾಂಸದ ತುಂಡೇ ವಾಸಿ.