ಬೆಳಕಿಂಡಿಯ ಬೆಳಕು

ಕಣ್ಣಿಗೆ ಸೇರಿದ ವಿಷಯವೊಂದನ್ನು ಕಿವಿಯ ಮೂಲಕ ತಿಳಿಸುವ ಸಾಹಸಕ್ಕೆ ಈ ಹೊತ್ತು ಕೈಹಾಕಿದ್ದೇನೆ. ಚಿತ್ರವನ್ನು ತೋರಿಸದೆ ಛಾಯಾಚಿತ್ರದ ಮಾತನ್ನಾಡುವುದು, ಎಲೆ ಹಾಕದೆ ಊಟದ ಸವಿಯನ್ನು ಬಣ್ಣಿಸಿದಂತೆ. ಆದರೂ ನನಗೊಂದು ಧೈರ್ಯವುಂಟು. ನಾನು ಹೇಳಹೊರಟಿರುವುದು ಕ್ಯಾಮರಾದ ಸಂಗತಿಯನ್ನಲ್ಲ, ಬೆಳಕಿನ ಸಂಗತಿಯನ್ನು. ಕ್ಯಾಮರಾ ಎಲ್ಲರ ಮನೆಯಲ್ಲಿ ಇಲ್ಲದಿರಬಹುದು. ಬೆಳಕು ಎಲ್ಲರ ಮನೆಯಲ್ಲೂ ಇದೆ.

ವೃತ್ತಿಯಿಂದ ನಾನು ಕನ್ನಡದ ಮೇಷ್ಟರಾಗಿದ್ದವನು. ಯಾವ ವಿಷಯವನ್ನಾದರೂ ಪದದಿಂದ ಆರಂಭಿಸುವುದು ನಮ್ಮ ಜಾತಿಯವರ ದೌರ್ಬಲ್ಯ. ಫೋಟೋಗ್ರಫಿ ಎಂಬ ಮಾತು ೧೮೩೯ರ ಸುಮಾರಿನಲ್ಲಿ ಗ್ರೀಕ್ ಮೂಲಗಳಿಂದ ಹುಟ್ಟಿ ಬಳಕೆಗೆ ಬಂದಿತು. ಬೆಳಕಿನ ಬರೆಹ ಎಂಬುದು ಅದರ ಅರ್ಥ. ಅದೇ ವಿದ್ಯೆಗೆ ನಮ್ಮವರು ಇಟ್ಟ ಹೆಸರು ಛಾಯಾಗ್ರಹಣ. ಛಾಯೆ ಎಂದರೆ ಮೊದಲಿಗೆ ನೆರಳು. ಪ್ರತಿಬಿಂಬ, ಕಾಂತಿ ಎಂಬ ಅರ್ಥಗಳೂ ಅದಕ್ಕುಂಟು. ಅವರು ಬೆಳಕಿನಿಂದ ಬರೆಯುತ್ತೇವೆಂದರೆ, ನಾವು ನೆರಳನ್ನು ಹಿಡಿಯುತ್ತೇವೆಂದೆವು. ಈ ಎರಡು ಹೆಸರುಗಳು ಪರಸ್ಪರ ವಿರೋಧಿಗಳಲ್ಲ, ಒಂದೇ ಸತ್ಯದ ಎರಡು ಮಗ್ಗುಲುಗಳು ಎಂಬುದನ್ನು ತಿಳಿಯಲು ನನಗೆ ಬಹುಕಾಲ ಹಿಡಿಯಿತು. ತಿಳಿಯುವುದಕ್ಕೆ ಮೊದಲು ತೆತ್ತ ಬೆಲೆಯೂ ಸಣ್ಣದಲ್ಲ.

ನನ್ನ ಊರು ಹುಣಸೂರು ತಾಲ್ಲೂಕಿನ ಹನಗೋಡು. ಒಂದು ಕಡೆ ಲಕ್ಷ್ಮಣತೀರ್ಥ ನದಿ ಮತ್ತು ಅದಕ್ಕೆ ಕಟ್ಟಿದ ಅಣೆಕಟ್ಟೆ. ಇನ್ನೊಂದು ಕಡೆ ವೀರನಹೊಸಹಳ್ಳಿಯ ದಾರಿ ಹಿಡಿದು ಹೋದರೆ ನಾಗರಹೊಳೆಯ ಕಾಡು. ೧೯೭೯ರಲ್ಲಿ, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಕೈಬದಲಾದ ಒಂದು ಆಗ್ಫಾ ಕ್ಲಿಕ್ ಕ್ಯಾಮರಾವನ್ನು ಕೊಂಡೆ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಒಂದು ಸುರುಳಿಗೆ ಹನ್ನೆರಡು ಚಿತ್ರ. ಏಪ್ರಿಲ್ ಕೊನೆಯ ವಾರ ಊರಿಗೆ ಬಂದವನು, ಅದುವರೆಗೆ ಒಂದೇ ಒಂದು ಭಾವಚಿತ್ರವನ್ನೂ ತೆಗೆಸಿಕೊಂಡಿರದ ನನ್ನ ಅವ್ವನನ್ನು ಅಂಗಳದಲ್ಲಿ ನಿಲ್ಲಿಸಿದೆ. ಹಬ್ಬದ ಸೀರೆ, ನಡುಹಗಲು, ನಿಗಿನಿಗಿ ಬಿಸಿಲು. ಸೂರ್ಯ ನಿಮ್ಮ ಬೆನ್ನಿಗಿರಲಿ ಎಂಬ ಉಪದೇಶವನ್ನು ಎಲ್ಲಿಯೋ ಓದಿದ್ದೆ. ಆ ಹೊತ್ತಿನಲ್ಲಿ ಸೂರ್ಯ ಯಾರ ಬೆನ್ನಿಗೂ ಇರಲಿಲ್ಲ, ಎಲ್ಲರ ನೆತ್ತಿಯ ಮೇಲಿದ್ದ.

“ಕಣ್ಣು ಬುಡಕ್ಕಾಯ್ತಿಲ್ಲ ಕಣಪ್ಪ, ಬಿರ್ನೆ ಮುಗುಸು” ಎಂದಳು ಅವ್ವ. ಹನ್ನೊಂದು ಚಿತ್ರ ತೆಗೆದೆ. ಉಳಿದ ಒಂದನ್ನು ಮರುದಿನ ಬೆಳಿಗ್ಗೆ, ಸುರುಳಿ ಮುಗಿದರೆ ತೊಳೆಯಲು ಕೊಡಬಹುದಲ್ಲ ಎಂಬ ಆತುರದಿಂದ, ಅಡುಗೆಮನೆಯಲ್ಲಿ ತೆಗೆದೆ. “ಹೊಗೇಲಿ ಏನ್ ಕಾಣ್ತದೆ ಅಂತ ಬಂದೆ, ಆಚೆಗೋಗು” ಎಂದು ಆಕೆ ಊದುಗೊಳವೆ ಕೈಗೆತ್ತಿಕೊಂಡಳು. ತೊಳೆದು ಬಂದ ಫಿಲ್ಮಿನಲ್ಲಿ ಆ ಹನ್ನೆರಡನೆಯದು ಹೆಚ್ಚುಕಡಮೆ ಖಾಲಿಯಾಗಿ, ಪಾರದರ್ಶಕವಾಗಿ ಕಂಡಿತು; ಬರೀ ಕತ್ತಲೆಯನ್ನೇ ತೆಗೆದಿದ್ದೇನೆ ಎಂದುಕೊಂಡೆ. ಅದಕ್ಕೆ ಕಾಗದ ದಂಡ ಬೇಡವೆಂದು ನಾನೇ ಹೇಳಿದೆ.

೧೯೮೬ರಲ್ಲಿ ಅವ್ವ ತೀರಿಕೊಂಡಳು. ತಿಥಿಯ ದಿನ ಗೋಡೆಗೆ ಹಾಕಲು ಇದ್ದದ್ದು ಅಂಗಳದ ಚಿತ್ರವೇ. ಹಣೆ ಬೆಳ್ಳಗೆ ಸುಣ್ಣ ಬಳಿದಂತೆ, ಕಣ್ಣಿದ್ದಲ್ಲಿ ಎರಡು ಕಪ್ಪು ಗುಳಿ, ಮೂಗಿನ ಕೆಳಗೆ ಮೀಸೆಯಂತಹ ನೆರಳು. ನನ್ನ ಸೋದರತ್ತೆ ಬಹಳ ಹೊತ್ತು ನೋಡಿ, “ಇದು ನಮ್ಮತ್ಗೆ ಮೊಕ್ವೇ ಅಲ್ಲ ಕಣೋ” ಎಂದರು. ಆ ಮಾತು ನನ್ನನ್ನು ಬಿಡಲಿಲ್ಲ. ಬೆಳಕೆಂದರೇನೆಂದು ನಾನು ಕಲಿಯತೊಡಗಿದ್ದು ಅಂದಿನಿಂದ.

ತಪ್ಪು ಎಲ್ಲಿ ಆಯಿತೆಂಬುದನ್ನು ಈಗ ವಿವರಿಸಬಲ್ಲೆ. ಹನಗೋಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೨ ಡಿಗ್ರಿಯಲ್ಲಿದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ನಾಲ್ಕನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ನಡುಹಗಲಿನ ಸೂರ್ಯ ಇಲ್ಲಿ ನೆಟ್ಟನೆ ನೆತ್ತಿಗೆ ಬರುತ್ತಾನೆ. ಆಗ ಮನುಷ್ಯನ ನೆರಳು ಅವನ ಪಾದದಡಿಯಲ್ಲೇ ಅಡಗುತ್ತದೆ. ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ. ಅಲ್ಲದೆ ನಮ್ಮ ಕಣ್ಣಿಗೆ ಸೂರ್ಯಬಿಂಬದ ಅಗಲ ಅರ್ಧ ಡಿಗ್ರಿ ಮಾತ್ರ. ಇಷ್ಟು ಚಿಕ್ಕ ಆಕರದಿಂದ ಬಂದ ಬೆಳಕು ಕತ್ತಿಯ ಅಲಗಿನಂತೆ. ಬೆಳಕಿದ್ದಲ್ಲಿ ಬೆಳಕು, ಇಲ್ಲದಲ್ಲಿ ಕತ್ತಲೆ, ನಡುವೆ ಸಂಧಾನವಿಲ್ಲ. ಅದೇ ಸೂರ್ಯನಿಗೆ ಮೋಡ ಅಡ್ಡ ಬಂದರೆ ಆಕಾಶವೆಲ್ಲ ಒಂದು ದೊಡ್ಡ ದೀಪವಾಗುತ್ತದೆ. ಬೆಳಕು ಎಲ್ಲ ಕಡೆಯಿಂದಲೂ ಬಂದು ಮುಖವನ್ನು ಮೆಲ್ಲನೆ ಸವರುತ್ತದೆ. ಆಕರ ಹಿರಿದಾದಷ್ಟೂ ಬೆಳಕು ಮೃದು, ಕಿರಿದಾದಷ್ಟೂ ಕಠಿಣ. ಹವ್ಯಾಸಿಯು ನೆನಪಿಡಬೇಕಾದ ಮೊದಲ ಸೂತ್ರವಿದು.

ಎರಡನೆಯದು ಹೊತ್ತಿನ ಆಯ್ಕೆ. ಇಂಗ್ಲಿಷ್ ಪುಸ್ತಕಗಳು ಬೆಳಗಿನ ಮತ್ತು ಸಂಜೆಯ ಹೊಂಬೆಳಕನ್ನು ಬಹುವಾಗಿ ಹೊಗಳುತ್ತವೆ. ಆದರೆ ಆ ಪುಸ್ತಕಗಳು ಹುಟ್ಟಿದ ನಾಡುಗಳಲ್ಲಿ ಸೂರ್ಯ ಓರೆಯಾಗಿ, ನಿಧಾನವಾಗಿ ಏರುತ್ತಾನೆ, ಓರೆಯಾಗಿಯೇ ಇಳಿಯುತ್ತಾನೆ. ನಮ್ಮ ಕಡೆ ಅವನದು ಹೆಚ್ಚುಕಡಮೆ ಏಣಿ ಹತ್ತಿದಂತೆ ನೇರವಾದ ಏರಿಕೆ. ಹೊನ್ನಿನಂತಹ ಆ ಬೆಳಕು ನಮಗೆ ಅರ್ಧ ಗಂಟೆ ಸಿಕ್ಕಿದರೆ ಹೆಚ್ಚು. ಕಾಫಿ ಕುಡಿದು ಹೊರಡೋಣವೆಂದರೆ ಮುಗಿದೇಹೋಯಿತು. ಆದರೇನು, ನಮ್ಮ ಭಾಷೆ ಆ ಕೊಂಚ ಹೊತ್ತನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸಿದೆ! ನಸುಕು, ಮುಂಜಾವು, ಎಳೆಬಿಸಿಲು, ಹೂಬಿಸಿಲು, ಉರಿಬಿಸಿಲು, ಇಳಿಹೊತ್ತು, ಹೊಂಬಿಸಿಲು, ಮುಸ್ಸಂಜೆ. ಇವು ಬರಿಯ ಗಡಿಯಾರದ ಗುರುತುಗಳಲ್ಲ, ಬೇರೆಬೇರೆ ಬೆಳಕುಗಳ ಹೆಸರುಗಳು. ಛಾಯಾಗ್ರಹಣವನ್ನು ಕಲಿಯುವವನು ಒಂದು ದಿನ ಕ್ಯಾಮರಾವನ್ನು ಮನೆಯಲ್ಲಿಟ್ಟು, ಒಂದೇ ಮರವನ್ನು ಈ ಎಂಟು ಹೊತ್ತಿನಲ್ಲೂ ನೋಡಿಬರಲಿ ಎಂಬುದು ನನ್ನ ಸಲಹೆ.

ಇವುಗಳಲ್ಲಿ ನಾನು ಬೇಕೆಂದೇ ಬಿಟ್ಟ ಹೆಸರೊಂದುಂಟು: ಗೋಧೂಳಿ. ದನಗಳು ಮನೆಗೆ ಮರಳುವಾಗ ಎದ್ದ ದೂಳು ಇಳಿಬಿಸಿಲಿನಲ್ಲಿ ಹೊಳೆಯುವ ಹೊತ್ತು. ನಮ್ಮ ಹಿರಿಯರು ಒಂದು ಬೆಳಕಿಗೆ ದೂಳಿನ ಹೆಸರನ್ನಿಟ್ಟರು. ಇದರಲ್ಲಿ ಒಂದು ಮರ್ಮವಿದೆ. ಬೆಳಕು ಎಲ್ಲವನ್ನೂ ತೋರಿಸುತ್ತದೆ. ತನ್ನ ದಾರಿಯನ್ನು ಮಾತ್ರ ತೋರಿಸುವುದಿಲ್ಲ. ಅದು ದೂಳನ್ನೋ ಹೊಗೆಯನ್ನೋ ಮಂಜನ್ನೋ ತಾಕಿದಾಗಲೇ ನಮಗೆ ಗೋಚರ. ಅದರಲ್ಲೂ ಬೆಳಕು ಎದುರಿನಿಂದ ನಮ್ಮ ಕಡೆಗೆ ಬರುತ್ತಿದ್ದರೆ ಈ ಕಣಗಳು ಬಲು ಕಾಂತಿಯಿಂದ ಹೊಳೆಯುತ್ತವೆ. ಬೆನ್ನ ಹಿಂದಿನಿಂದ ಬಂದರೆ ಮಂಕಾಗುತ್ತವೆ. ಲಕ್ಷ್ಮಣತೀರ್ಥದ ಮೇಲಿನ ಚಳಿಗಾಲದ ಮಂಜನ್ನು ಸೂರ್ಯನಿಗೆ ಬೆನ್ನು ಮಾಡಿ ನೋಡಿದರೆ ಬರಿಯ ಬೂದಿಬಣ್ಣ. ಸೂರ್ಯನ ಕಡೆಗೆ ಮುಖ ಮಾಡಿ ನೋಡಿದರೆ ಬೆಳ್ಳಿ. ಸೂರ್ಯ ಬೆನ್ನಿಗಿರಲಿ ಎಂಬ ಉಪದೇಶವನ್ನು ಧಿಕ್ಕರಿಸಬೇಕಾದ ಸಂದರ್ಭವೊಂದು ಇದು.

ಈ ಮರ್ಮವನ್ನು ಚೆನ್ನಾಗಿ ಬಲ್ಲವರೊಬ್ಬರು ಮೈಸೂರಿನಲ್ಲೇ ಹುಟ್ಟಿದವರು: ವಿ.ಕೆ. ಮೂರ್ತಿ. ೧೯೨೩ರಲ್ಲಿ ಜನಿಸಿದ ಅವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಚಲನಚಿತ್ರ ಛಾಯಾಗ್ರಹಣವನ್ನು ಕಲಿತು ಮುಂಬಯಿಗೆ ಹೋದರು. ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರವನ್ನು ೧೯೫೯ರಲ್ಲಿ ಸಹೃದಯರು ಕಂಡದ್ದು ಅವರ ಕಣ್ಣಿನಿಂದಲೇ. ಅದರಲ್ಲೊಂದು ದೃಶ್ಯ: ವಿಶಾಲವಾದ, ಬರಿದಾದ, ಕತ್ತಲೆಗವಿದ ಸ್ಟುಡಿಯೋ, ಮೇಲಿನಿಂದ ಇಳಿದ ಒಂದು ದಪ್ಪ ಬೆಳಕಿನ ಕಂಬ, ಅದರ ಆಚೆ ಈಚೆ ಒಬ್ಬರನ್ನೊಬ್ಬರು ಸೇರಲಾರದ ಇಬ್ಬರು. ಮೂರ್ತಿಯವರು ಅದಕ್ಕೆ ವಿದ್ಯುದ್ದೀಪವನ್ನು ನೆಚ್ಚಲಿಲ್ಲ. ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಕ್ಕೆ ತಂದರು. ಹತ್ತಿರದ ದೀಪದ ಕಿರಣಗಳು ಬರುಬರುತ್ತ ಅಗಲವಾಗಿ ಚೆದರುತ್ತವೆ. ಬಹುದೂರದ ಸೂರ್ಯನ ಕಿರಣಗಳಾದರೋ ಹೆಚ್ಚುಕಡಮೆ ಸಮಾನಾಂತರ. ಆದ್ದರಿಂದಲೇ ಬಿಸಿಲಿಗೆ ಹಾಗೆ ಕಂಬದಂತೆ ನಿಲ್ಲುವ ಗುಣ. ಆ ಚಿತ್ರಕ್ಕೆ ಅಂದು ಹಣ ಬರಲಿಲ್ಲ. ಆ ಬೆಳಕು ಮಾತ್ರ ಉಳಿಯಿತು. ಮೂರ್ತಿಯವರಿಗೆ ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಕನ್ನಡದ ‘ಹೂವು ಹಣ್ಣು’ (೧೯೯೩) ಚಿತ್ರದಲ್ಲಿಯೂ ಅವರ ಕೈಚಳಕವಿದೆ. ೨೦೧೪ರಲ್ಲಿ ಅವರು ಕಾಲವಾದರು.

ಇಷ್ಟು ದೊಡ್ಡವರ ಮಾತು ನಮ್ಮಂತಹ ಹವ್ಯಾಸಿಗಳಿಗೇಕೆ ಎನ್ನಬೇಡಿ. ಕನ್ನಡಿಯೊಂದಿದ್ದರೆ ಅವರ ಉಪಾಯ ನಮ್ಮದೂ ಹೌದು. ಬಾಗಿಲ ಬಳಿ ಕುಳಿತವರ ಮುಖದ ಒಂದು ಪಾರ್ಶ್ವ ತೀರ ಕಪ್ಪಾದರೆ, ಆ ಕಡೆಗೆ ಒಗೆದ ಬಿಳಿಯ ಪಂಚೆಯೊಂದನ್ನು ಹಿಡಿಸಿರಿ. ಅದರಿಂದ ಮರಳಿದ ಬೆಳಕು ಕಪ್ಪನ್ನು ಅಳಿಸದೆ ತಿಳಿಯಾಗಿಸುತ್ತದೆ. ದೀಪದ ಬೆಳಕಿನಲ್ಲಿ ತೆಗೆಯುವುದಾದರೆ ಒಂದು ಲೆಕ್ಕ ನೆನಪಿರಲಿ: ದೀಪದಿಂದ ಎರಡಡಿ ದೂರದ ಮುಖ ನಾಲ್ಕಡಿಗೆ ಸರಿದರೆ ಅದಕ್ಕೆ ಸಿಕ್ಕುವ ಬೆಳಕು ಅರ್ಧವಲ್ಲ, ಕಾಲುಭಾಗ. ಒಂದು ಹೆಜ್ಜೆ ಹಿಂದೆ ಮುಂದೆ ಹಾಕಿದರೆ ಚಿತ್ರದ ಭಾವವೇ ಬದಲಾಗುವುದು ಹೀಗೆ.

ಇನ್ನೊಂದು ಎಚ್ಚರಿಕೆ ಯಂತ್ರದ ಸ್ವಭಾವವನ್ನು ಕುರಿತದ್ದು. ಕ್ಯಾಮರಾದ ಬೆಳಕಿನ ಅಳತೆಗೆ ಜಗತ್ತೆಲ್ಲ ನಡುತರದ ಬೂದಿಬಣ್ಣದ್ದೆಂಬ ನಂಬಿಕೆ. ಚೌಕಟ್ಟಿನ ತುಂಬ ಎಮ್ಮೆಯಿದ್ದರೆ ಅದನ್ನು ಬೆಳ್ಳಗಾಗಿಸಲು ಹೆಣಗುತ್ತದೆ. ಬಿಳಿಯ ಪಂಚೆಯಿದ್ದರೆ ಮಾಸಲಾಗಿಸುತ್ತದೆ. ಈಗ ಎಲ್ಲರ ಕೈಯಲ್ಲಿರುವ ಫೋನುಗಳಂತೂ ಕತ್ತಲೆಯನ್ನು ತಾವಾಗಿಯೇ ತೊಳೆದು ಹಾಕಲು ನೋಡುತ್ತವೆ. ಹಾಗಾಗಿ ಬೆಳಕು ಬಿದ್ದ ಕಡೆಗೆ ಬೆರಳಿಟ್ಟು, ಪ್ರಕಾಶವನ್ನು ಕೊಂಚ ಇಳಿಸಿ ನೋಡಿ. ನೆರಳು ನೆರಳಾಗಿ ಉಳಿದಾಗ ಬೆಳಕಿಗೆ ಬೆಳಕಿನ ಬೆಲೆ ಬರುತ್ತದೆ. ಛಾಯಾಗ್ರಹಣವೆಂಬ ನಮ್ಮ ಪದ ಹೇಳುತ್ತಿರುವುದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ಇದನ್ನು ಓದದೆಯೇ ಬಲ್ಲವರೂ ಇದ್ದಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬೇಸಾಯ ಬಹಳ. ಬ್ಯಾರನ್ನಿನಲ್ಲಿ ಬೆಂದು ಹಳದಿಗೆ ತಿರುಗಿದ ಎಲೆಗಳನ್ನು ಬಣ್ಣ ನೋಡಿ ವಿಂಗಡಿಸುವ ಹೆಂಗಸರನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಅವರು ಬಿಸಿಲಿನಲ್ಲಿ ಕೂರುವುದಿಲ್ಲ, ಕತ್ತಲೆಯಲ್ಲೂ ಕೂರುವುದಿಲ್ಲ. ಬಾಗಿಲಿನ ಒಳಮಗ್ಗುಲಲ್ಲಿ, ಬಯಲಿನ ಬೆಳಕು ಓರೆಯಾಗಿ ಬರುವಲ್ಲಿ ಕೂರುತ್ತಾರೆ. ಎಲೆಯ ನಿಜವಾದ ಬಣ್ಣ ತಿಳಿಯುವುದು ಅಲ್ಲಿಯೇ ಎಂದು ಅವರಿಗೆ ಗೊತ್ತು. ಮನುಷ್ಯರ ಮುಖದ ಬಣ್ಣ ತಿಳಿಯುವುದೂ ಅಲ್ಲಿಯೇ.

ನಿವೃತ್ತನಾದ ಮೇಲೆ ಹನಗೋಡಿನ ಮನೆಯ ಹಳೆಯ ಟ್ರಂಕನ್ನು ಹುಡುಕುತ್ತಿದ್ದಾಗ ೧೯೭೯ರ ಆ ಫಿಲ್ಮು ಸಿಕ್ಕಿತು. ಹನ್ನೆರಡನೆಯದನ್ನು ಬೆಳಕಿಗೆ ಹಿಡಿದೆ. ಅಂದು ಬರೀ ಕತ್ತಲೆಯೆಂದು ತಳ್ಳಿದ್ದರಲ್ಲಿ ಏನೋ ಇದೆ ಎನ್ನಿಸಿ ಮೈಸೂರಿನಲ್ಲಿ ದೊಡ್ಡದಾಗಿ ಮಾಡಿಸಿದೆ. ಹೆಂಚಿನ ನಡುವಿನ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದಿದೆ. ಒಲೆಯ ಹೊಗೆ ಅದಕ್ಕೆ ಮೈ ಕೊಟ್ಟಿದೆ. ಕೋಲಿನ ತುದಿ ಅವ್ವನ ಕೆನ್ನೆಯನ್ನೂ ಊದುಗೊಳವೆ ಹಿಡಿದ ಕೈಯನ್ನೂ ತಾಕಿದೆ. ನೇರ ಬಿಸಿಲು ತಾಕಿದ್ದರಿಂದಲೇ ಆ ಬಡ ಕ್ಯಾಮರಾಕ್ಕೂ ಅಷ್ಟು ದಕ್ಕಿತ್ತು. ಉಳಿದದ್ದೆಲ್ಲ ಕತ್ತಲೆ. ಅದು ನನ್ನ ಅವ್ವನ ಮುಖವೇ. ಸೋದರತ್ತೆ ಆಗ ಇರಲಿಲ್ಲ, ಅವರಿಗೆ ತೋರಿಸಲಾಗಲಿಲ್ಲ.

ಕಣ್ಣಿನ ಕೆಳಗೆ ಒಂದು ಸಣ್ಣ ಮಿನುಗು ಇತ್ತು. ಹಳೆಯ ಫಿಲ್ಮಿನ ಮೇಲೆ ಬಿದ್ದ ಗೀರು ಎಂದುಕೊಂಡಿದ್ದೆ. ಚಿತ್ರವನ್ನು ಊರಿಗೆ ಒಯ್ದಾಗ ನನ್ನ ಅಣ್ಣನ ಸೊಸೆ ಅದನ್ನು ಕಿಟಕಿಯ ಬಳಿ ಹಿಡಿದು ನೋಡಿ, “ಚಿಕ್ಕಮಾವ, ಹೊಗೆಗೆ ಅಜ್ಜಿ ಕಣ್ಣಲ್ಲಿ ನೀರು ಬಂದದೆ ನೋಡಿ” ಎಂದಳು. ನಾನು ಇಷ್ಟು ದಿನ ಬೆಳಕಿನ ಕೋಲನ್ನು ಮೆಚ್ಚಿಕೊಂಡು ಕುಳಿತಿದ್ದೆ. ಆ ಕೋಲಿಗೆ ಮೈ ಕೊಟ್ಟ ಹೊಗೆಯನ್ನು ಅವ್ವ ದಿನವೂ, ಎರಡು ಹೊತ್ತು, ನಲವತ್ತು ವರ್ಷ ಕುಡಿದವಳು.

ಆ ಮನೆಗೆ ಈಗ ತಾರಸಿ ಬಂದಿದೆ, ಗ್ಯಾಸಿನ ಒಲೆ ಬಂದಿದೆ. ಬೆಳಕಿಂಡಿಯೂ ಇಲ್ಲ, ಹೊಗೆಯೂ ಇಲ್ಲ. ಹೊಗೆ ಹೋದದ್ದಕ್ಕೆ ನನಗೆ ಸ್ವಲ್ಪವೂ ವ್ಯಥೆಯಿಲ್ಲ. ಗೋಡೆಯ ಮೇಲೆ ಎರಡು ಚಿತ್ರಗಳನ್ನೂ ಇಟ್ಟಿದ್ದೇವೆ. ಕೇಳುಗರಲ್ಲಿ ನನ್ನದೊಂದು ವಿನಂತಿ: ನಿಮ್ಮ ಮನೆಯಲ್ಲಿಯೂ ಕತ್ತಲೆಯೆಂದು ತಳ್ಳಿದ ಹಳೆಯ ಫಿಲ್ಮುಗಳಿದ್ದರೆ, ಎಸೆಯುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿ. 

(ಬಾನುಲಿ ಭಾಷಣ)